ದೇವಾಸುರ ಯುದ್ಧ ಅಂದ್ರೆ ವೇದದವರಿಗೂ ಪಾರ್ಸಿಗಳ ಪೂರ್ವಿಕರಿಗೂ ಆದ ಜಗಳಾನಾ?

ಓದುಗರ ಪ್ರಶ್ನೆ: "ಪಾರ್ಸಿಗಳಿಗೆ ಅಹುರ ಅಂದ್ರೆ ದೇವರು, ದೇವ ಅಂದ್ರೆ ರಾಕ್ಷಸ ಅಂತೆ. ನಮ್ಮಲ್ಲಿ ಪೂರ್ತಿ ಉಲ್ಟಾ. ಹಾಗಾದ್ರೆ ಪುರಾಣದಲ್ಲಿ ಬರೋ ದೇವಾಸುರ ಯುದ್ಧ ನಿಜವಾಗ್ಲೂ ಈ ಎರಡು ಗುಂಪಿನ ಮಧ್ಯೆ ನಡೆದಿದ್ದಾ? ಪಾರ್ಸಿಗಳ ಪ್ರವಾದಿ ಜರತುಷ್ಟ್ರನ ಧರ್ಮ ವೈದಿಕ ಧರ್ಮದಿಂದ ಒಡೆದು ಹೋದದ್ದಾ?"

ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ, ವಾಟ್ಸಾಪ್‌ನಲ್ಲಂತೂ ಇದು ಸಾಬೀತಾದ ಇತಿಹಾಸ ಅನ್ನೋ ಥರ ಓಡಾಡ್ತಾ ಇರುತ್ತೆ. ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ಅಂಥ ಯುದ್ಧಕ್ಕೆ ಆಧಾರ ಇಲ್ಲ, ಒಂದರಿಂದ ಇನ್ನೊಂದು ಹುಟ್ಟಿದ್ದೂ ಅಲ್ಲ. ವೇದದ ಜನ, ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ ಜನ ಇಬ್ಬರೂ ದಾಯಾದಿಗಳು. ಇಬ್ಬರಿಗೂ ಹಿಂದೆ ಒಂದೇ ಮೂಲಮನೆ ಇತ್ತು, ಭಾಷಾತಜ್ಞರು ಅವರನ್ನ ಇಂಡೋ-ಇರಾನಿಯನ್ನರು ಅಂತಾರೆ, ಹೆಚ್ಚಿನವರು ಅವರನ್ನ ಕ್ರಿ.ಪೂ. 2000ರ ಆಸುಪಾಸಿನ ಮಧ್ಯ ಏಷ್ಯಾದಲ್ಲಿ ಇಡ್ತಾರೆ. ಅಲ್ಲಿಂದ ಬೇರೆಬೇರೆ ಕಡೆ ಹೋದ ಮೇಲೆ ಇಬ್ಬರೂ ತಮ್ಮತಮ್ಮ ದಾರೀಲಿ ಬದಲಾದರು.

ಎಷ್ಟು ಹತ್ತಿರದ ಸಂಬಂಧ ಅಂತ ಗೊತ್ತಾಗ್ಬೇಕಾದ್ರೆ ಅವೆಸ್ತಾದ ಒಂದು ಸಾಲು ಕೇಳಿ, ಮಿಥ್ರನ ಸ್ತೋತ್ರದ್ದು: "ತೆಮ್ ಅಮವಂತೆಮ್ ಯಜತೆಮ್, ಸೂರೆಮ್ ದಾಮೋಹು ಸೆವಿಶ್ತೆಮ್, ಮಿಥ್ರೆಮ್ ಯಜಾಇ ಜೋಥ್ರಾಬ್ಯೋ". ಇದನ್ನ ಉಚ್ಚಾರಣೆಯ ನಿಯಮ ಹಿಡಿದು ವೇದದ ಸಂಸ್ಕೃತಕ್ಕೆ ತಿರುಗಿಸಿದ್ರೆ "ತಮ್ ಅಮವಂತಂ ಯಜತಂ, ಶೂರಂ ಧಾಮಸು ಶವಿಷ್ಠಂ, ಮಿತ್ರಂ ಯಜೈ ಹೋತ್ರಾಭ್ಯಃ". ಬಲವಂತ, ಪೂಜ್ಯ, ಎಲ್ಲರಿಗಿಂತ ಶಕ್ತಿವಂತ ಶೂರ ಮಿತ್ರನನ್ನ ಆಹುತಿ ಕೊಟ್ಟು ಪೂಜಿಸ್ತೀನಿ ಅಂತ ಅರ್ಥ. ವೇದ ಕಲಿತ ಒಬ್ಬ ಪುರೋಹಿತರು ಇದನ್ನ ಕೇಳಿದ್ರೆ ಅರ್ಧಕ್ಕಿಂತ ಜಾಸ್ತಿ ಹಾಗೇ ಹಿಡಿದುಬಿಡ್ತಾರೆ.

ಆದ್ರೆ ನನಗೆ ಭಾಷೆಗಿಂತ ದೊಡ್ಡ ಸಾಕ್ಷಿ ಅನ್ಸೋದು ಕಥೆಗಳು. ಯಸ್ನ ಅಂದ್ರೆ ಪಾರ್ಸಿಗಳ ಮುಖ್ಯ ಪೂಜಾಗ್ರಂಥ, ನಮ್ಮ ಯಜ್ಞ ಶಬ್ದಾನೇ ಅದು, 72 ಅಧ್ಯಾಯ. ಅದರ 9ನೇ ಅಧ್ಯಾಯದಲ್ಲಿ ಹವೋಮ, ಅಂದ್ರೆ ಸೋಮ, ಬೆಳಗ್ಗೆ ಹೊತ್ತು ಜರತುಷ್ಟ್ರನ ಮುಂದೆ ಬಂದು ನಿಲ್ತಾನೆ. ನಿನ್ನನ್ನ ಮೊದಲು ಹಿಂಡಿದ ಮನುಷ್ಯ ಯಾರು ಅಂತ ಜರತುಷ್ಟ್ರ ಕೇಳ್ತಾನೆ. ಮೊದಲನೆಯವನು ವೀವಂಗ್ವಂತ, ಅದರ ಫಲವಾಗಿ ಅವನಿಗೆ ಯಿಮ ಅನ್ನೋ ಮಗ ಹುಟ್ಟಿದ. ನಮ್ಮ ವಿವಸ್ವಂತ, ಅವನ ಮಗ ಯಮ! ಎರಡನೆಯವನು ಆಥ್ವ್ಯ, ಅವನ ಮಗ ಥ್ರಯೇತವೋನ ಮೂರು ತಲೆ ಆರು ಕಣ್ಣಿನ ಸರ್ಪವನ್ನ ಕೊಂದ. ಮೂರನೆಯವನು ಥ್ರಿತ. ಋಗ್ವೇದದಲ್ಲಿ ತ್ರಿತ ಆಪ್ತ್ಯ ಅಂತ ಒಬ್ಬ ಇದಾನೆ, ಅವನೂ ಸೋಮ ಹಿಂಡೋನೇ, ಅವನೂ ಮೂರು ತಲೆಯ ವಿಶ್ವರೂಪನನ್ನ ಕೊಂದವನೇ. ನಾಲ್ಕನೆಯವನು ಪೌರುಷಸ್ಪ, ಸ್ವತಃ ಜರತುಷ್ಟ್ರನ ಅಪ್ಪ. ಅಂದ್ರೆ ಇರಾನಿನ ಕಡೆಯವರು ತಮ್ಮ ಪ್ರವಾದಿಯ ವಂಶವನ್ನೇ ಸೋಮಯಾಗದ ಪರಂಪರೆಗೆ ಜೋಡಿಸಿ ಇಟ್ಕೊಂಡಿದಾರೆ, ಶತ್ರುಗಳ ಸಂಪ್ರದಾಯ ಅಂತ ಅಂದ್ಕೊಂಡಿದ್ರೆ ಹೀಗೆ ಮಾಡ್ತಿದ್ರಾ? ಇವತ್ತಿಗೂ ಪಾರ್ಸಿ ಪುರೋಹಿತರು ಯಸ್ನ ಮಾಡುವಾಗ ಒರಳಲ್ಲಿ ಹವೋಮದ ಕಡ್ಡಿಯನ್ನ ದಾಳಿಂಬೆ ಕಡ್ಡಿ ಜೊತೆ ಕುಟ್ಟಿ ರಸ ತೆಗೀತಾರೆ, ಅವರು ಬಳಸೋದು ಎಫೆಡ್ರಾ ಗಿಡ. ನಮ್ಮಲ್ಲಿ ಮೂಲ ಸೋಮ ಯಾವ ಗಿಡ ಅನ್ನೋದೇ ಕಳೆದುಹೋಗಿ ಬ್ರಾಹ್ಮಣಗ್ರಂಥಗಳ (ವೇದಮಂತ್ರಗಳ ನಂತರ ಬಂದ, ಯಜ್ಞಗಳನ್ನ ವಿವರಿಸೋ ಗ್ರಂಥಗಳು) ಕಾಲಕ್ಕೇ ಬದಲಿ ಗಿಡಗಳ ಮಾತು ಶುರುವಾಗಿತ್ತು.

ಈಗ ಯುದ್ಧದ ವಾದಕ್ಕೆ ಬರೋಣ. ಇದನ್ನ ಗಟ್ಟಿಯಾಗಿ ಹೇಳಿದವರಲ್ಲಿ ಮುಖ್ಯ ವ್ಯಕ್ತಿ ಮಾರ್ಟಿನ್ ಹೌಗ್, 1860ರ ದಶಕದಲ್ಲಿ ಪುಣೆಯಲ್ಲಿ ಸಂಸ್ಕೃತ ಕಲಿಸ್ತಿದ್ದ ಜರ್ಮನ್ ವಿದ್ವಾಂಸ. ಗಾಥಾಗಳು ಅವೆಸ್ತಾದಲ್ಲೇ ಹಳೇ ಭಾಗ, ಜರತುಷ್ಟ್ರನ ಸ್ವಂತ ಮಾತು ಅಲ್ಲೇ ಸಿಗೋದು ಅಂತ ತೋರಿಸಿಕೊಟ್ಟವರೂ ಅವರೇ, ಆ ಕೆಲಸ ಇವತ್ತಿಗೂ ನಿಂತಿದೆ. ಆದ್ರೆ ಒಂದೇ ಜನ ಧರ್ಮದ ಜಗಳ ಆಡಿ ಎರಡಾಗಿ, ಒಬ್ಬರ ದೇವರನ್ನ ಇನ್ನೊಬ್ಬರು ರಾಕ್ಷಸ ಮಾಡಿದ್ರು ಅನ್ನೋ ಅವರ ಊಹೆ ನಿಲ್ಲಲಿಲ್ಲ.

ಯಾಕೆ ಅಂದ್ರೆ, ಋಗ್ವೇದದ ಹಳೇ ಭಾಗಗಳಲ್ಲಿ ಅಸುರ (ಅವೆಸ್ತಾದ ಅಹುರ ಇದೇ ಶಬ್ದ) ಅನ್ನೋದು ಬೈಗುಳ ಅಲ್ವೇ ಅಲ್ಲ, ಒಡೆಯ, ಪ್ರಭು ಅನ್ನೋ ಥರದ ಗೌರವದ ಬಿರುದು. ವರುಣ ಅಸುರ, ಅಗ್ನಿ ಅಸುರ, ಸವಿತೃ ಅಸುರ, ಇಂದ್ರನನ್ನೂ ಅಸುರ ಅಂತ ಕರೆದಿದಾರೆ. ಮೂರನೇ ಮಂಡಲದ 55ನೇ ಸೂಕ್ತ ತೆಗೆದು ನೋಡಿ, 22 ಋಕ್ಕುಗಳೂ ಮುಗಿಯೋದು "ಮಹದ್ ದೇವಾನಾಮ್ ಅಸುರತ್ವಮ್ ಏಕಮ್" ಅಂತ. ದೇವತೆಗಳ ಹಿರಿದಾದ ಅಸುರತ್ವ ಒಂದೇ ಅಂತ. ಅಸುರರು ಅಂದ್ರೆ ದೇವತೆಗಳ ಎದುರಾಳಿ ಗುಂಪು ಅನ್ನೋ ಚಿತ್ರ ಪೂರ್ತಿಯಾಗಿ ಬರೋದು ಆಮೇಲೆ, ಬ್ರಾಹ್ಮಣಗ್ರಂಥಗಳಲ್ಲಿ, ಅಲ್ಲೂ ದೇವರು ಅಸುರರು ಇಬ್ಬರೂ ಪ್ರಜಾಪತಿಯ ಮಕ್ಕಳೇ. ಈ ಬದಲಾವಣೆ ಭಾರತದ ಒಳಗೇ ಆದದ್ದು, ಇರಾನಿನವರ ಮೇಲಿನ ಸಿಟ್ಟಿಂದ ಅಂತ ಹೇಳೋಕೆ ಆ ಗ್ರಂಥಗಳಲ್ಲಿ ಏನೂ ಸಿಗಲ್ಲ. ಮುಂದೆ ಸುಮಾರು 12ನೇ ಶತಮಾನದಲ್ಲಿ ನೆರ್ಯೋಸಂಗ್ ಧವಲ್ ಅನ್ನೋ ಗುಜರಾತಿನ ಪಾರ್ಸಿ ಪುರೋಹಿತರು ಯಸ್ನವನ್ನ ಸಂಸ್ಕೃತಕ್ಕೆ ತಂದಾಗ ತಮ್ಮ ಪರಮದೇವರ ಹೆಸರಾದ ಅಹುರ ಮಜ್ದಾ ಅನ್ನೋದಕ್ಕೆ ಅಸುರ ಅಂತ ಬರೀಲಿಲ್ಲ, ಸ್ವಾಮಿ ಮಹಾಜ್ಞಾನಿ ಅಂತ ಬರೆದ್ರು. ಅಷ್ಟೊತ್ತಿಗೆ ಇಲ್ಲಿ ಆ ಹೆಸರು ಪೂರ್ತಿ ಕೆಟ್ಟಿತ್ತಲ್ಲ.

ಇರಾನಿನ ಕಡೆ ನೋಡಿದ್ರೂ ಅಷ್ಟೇ. ಗಾಥಾಗಳಲ್ಲಿ ಜರತುಷ್ಟ್ರ ದಯೇವರನ್ನ (ನಮ್ಮ ದೇವ ಶಬ್ದದ ಅವೆಸ್ತಾ ರೂಪ) ಕಟುವಾಗಿ ಬೈತಾನೆ ನಿಜ, ಆದ್ರೆ ಅವನ ಸಿಟ್ಟು ಇರೋದು ತನ್ನ ನಾಡಿನ ಜನರ ಮೇಲೇ, ದನಗಳಿಗೆ ಹಿಂಸೆ ಕೊಡೋರು, ಅವನು ಕವಿ ಮತ್ತು ಕರಪನ್ ಅಂತ ಕರೆಯೋ ಮುಖಂಡರು ಪುರೋಹಿತರು, ಇವರೆಲ್ಲ. ಎಲ್ಲೋ ಸಿಂಧೂ ಆಚೆ ಇರೋ ಜನರ ಸುದ್ದಿ ಅಲ್ಲಿಲ್ಲ. ಇಂದ್ರನ ಹೆಸರು ಗಾಥಾಗಳಲ್ಲಿ ಬರೋದೇ ಇಲ್ಲ, ರಾಕ್ಷಸರ ಪಟ್ಟಿಗೆ ಇಂದ್ರ, ನಾಸತ್ಯ, ಶರ್ವ ಸೇರೋದು ತುಂಬಾ ಆಮೇಲಿನ ವೆಂದಿದಾದ್‌ನಲ್ಲಿ, ಅಂದ್ರೆ ಅವೆಸ್ತಾದ ಶುದ್ಧಿ-ನಿಯಮಗಳ ಭಾಗದಲ್ಲಿ. ಅದೇ ಇಂದ್ರನ ವೃತ್ರಹನ್ ಅನ್ನೋ ಬಿರುದಿಗೆ ಸಂಬಂಧಪಟ್ಟ ವೆರೆಥ್ರಘ್ನ ಮಾತ್ರ ಅವರಲ್ಲಿ ಪೂಜೆ ತಗೊಳ್ಳೋ ದೊಡ್ಡ ದೇವತೆ! ಮಿಥ್ರ, ಅಪಾಂ ನಪಾತ್, ವಾಯು ಎಲ್ಲರೂ ಗೌರವದಲ್ಲೇ ಉಳಿದಿದಾರೆ. ಕ್ರಿ.ಪೂ. 5ನೇ ಶತಮಾನದ ಪರ್ಷಿಯಾ ದೊರೆ ಕ್ಸೆರ್ಕ್ಸೆಸ್‌ನ ಪರ್ಸೆಪೊಲಿಸ್ ಶಾಸನದಲ್ಲೂ, ಹಿಂದೆ ದೈವರನ್ನ (ದಯೇವರನ್ನೇ) ಪೂಜಿಸ್ತಿದ್ದ ಕಡೆ ನಾನು ಅಹುರಮಜ್ದಾನನ್ನ ಪೂಜಿಸಿದೆ ಅಂತ ಇದೆ, ಅಂದ್ರೆ ಆ ಜಗಳ ಅವರ ಸಾಮ್ರಾಜ್ಯದ ಒಳಗಿಂದು. ಇನ್ನೊಂದು ವಿಷಯ, ಜರತುಷ್ಟ್ರ ಗಾಥಾದಲ್ಲಿ ತನ್ನನ್ನ ಜವೋತರ್ ಅಂತ ಕರ್ಕೊಳ್ತಾನೆ, ಅದು ನಮ್ಮ ಹೋತೃ. ಯಜ್ಞ ಮಾಡಿಸೋ ಪುರೋಹಿತನೇ ಒಳಗಿಂದ ಎದ್ದು ಪ್ರಶ್ನೆ ಕೇಳಿದ, ನನಗೆ ಇದು ಯುದ್ಧದ ಕಥೆಗಿಂತ ಎಷ್ಟೋ ದೊಡ್ಡ ವಿಷಯ ಅನ್ಸುತ್ತೆ.

ಆಚರಣೆಗಳ ಬಗ್ಗೆ ಕೂಡ ಕೇಳ್ತಿರ್ತಾರೆ, ಪಾರ್ಸಿಗಳ ಕುಸ್ತಿ ದಾರ ನಮ್ಮ ಜನಿವಾರದ ಥರಾನಾ ಅಂತ. ಜನಿವಾರಕ್ಕಿಂತ ಉಪನಯನದಲ್ಲಿ ಸೊಂಟಕ್ಕೆ ಕಟ್ಟೋ ಮೇಖಲೆಗೆ ಅದು ಹತ್ತಿರ. ನಾವು ಉಪನಯನಕ್ಕೆ ಮುಂಜಿ ಅಂತ ಕರೆಯೋದು ಆ ಮುಂಜ ಹುಲ್ಲಿನ ಉಡಿದಾರದಿಂದಾನೇ. ಕುಸ್ತಿಯನ್ನ ಕುರಿ ಉಣ್ಣೆಯ 72 ಎಳೆಗಳಿಂದ ನೇಯ್ದು ಸೊಂಟಕ್ಕೆ ಮೂರು ಸುತ್ತು ಕಟ್ತಾರೆ, ಆಶ್ವಲಾಯನ ಗೃಹ್ಯಸೂತ್ರದಲ್ಲಿ ವೈಶ್ಯರಿಗೆ ಹೇಳಿರೋ ಮೇಖಲೆಯೂ ಉಣ್ಣೆಯದೇ. ಅವರ ನವಜೋತ್, ಅಂದ್ರೆ ಕುಸ್ತಿ ಕಟ್ಟೋ ದೀಕ್ಷೆ, ಮಾತ್ರ ಗಂಡು ಹೆಣ್ಣು ಇಬ್ಬರಿಗೂ ಇದೆ.

ಹಾಗಂತ ಪಾರ್ಸಿ ಧರ್ಮ ಹಿಂದೂ ಧರ್ಮದ್ದೇ ಒಂದು ಶಾಖೆ ಅನ್ನೋದನ್ನ ನಾನು ಒಪ್ಪಲ್ಲ, ಅವರಿಗೆ ಅದು ಅನ್ಯಾಯ ಕೂಡ. ಸಾವಿನ ವಿಷಯ ಒಂದೇ ತಗೊಳ್ಳಿ. ಋಗ್ವೇದದ ಹತ್ತನೇ ಮಂಡಲದಲ್ಲಿ ಯಮನ ದಾರಿ ಕಾಯೋ ನಾಲ್ಕು ಕಣ್ಣಿನ ಎರಡು ನಾಯಿಗಳಿವೆ. ವೆಂದಿದಾದ್‌ನಲ್ಲೂ ಸತ್ತವರ ಹತ್ರ ನಾಲ್ಕು ಕಣ್ಣಿನ ನಾಯಿಯನ್ನ ಕರ್ಕೊಂಡು ಬನ್ನಿ ಅಂತಿದೆ, ಕಣ್ಣಿನ ಮೇಲೆ ಎರಡು ಮಚ್ಚೆ ಇರೋ ನಾಯಿ ಅಂತ ಪಾರ್ಸಿಗಳು ಅರ್ಥ ಮಾಡ್ಕೊಂಡಿದಾರೆ, ಈ ಕ್ರಿಯೆಗೆ ಸಗ್‌ದೀದ್ ಅಂತ ಹೆಸರು. ಇಲ್ಲಿವರೆಗೂ ಒಂದೇ. ಅಲ್ಲಿಂದ ಮುಂದೆ ವೇದದವರು ದೇಹವನ್ನ ಅಗ್ನಿಗೇ ಕೊಡ್ತಾರೆ, ಅಗ್ನಿಯೇ ಅದನ್ನ ಪಿತೃಗಳ ಹತ್ರ ಒಯ್ಯೋದು. ಜರತುಷ್ಟ್ರನ ಅನುಯಾಯಿಗಳಿಗೆ ಬೆಂಕಿ ಎಷ್ಟು ಪವಿತ್ರ ಅಂದ್ರೆ ಹೆಣವನ್ನ ಅದಕ್ಕೆ ಮುಟ್ಟಿಸೋದೇ ಘೋರ ಪಾಪ, ಅದಕ್ಕೇ ದಖ್ಮಾದಲ್ಲಿ, ಅಂದ್ರೆ ಹೆಣ ಇಡೋ ಗೋಪುರದಲ್ಲಿ, ಹದ್ದುಗಳಿಗೆ ಬಿಡೋ ಪದ್ಧತಿ. ಬೆಂಕಿ ಮೇಲಿನ ಒಂದೇ ಭಕ್ತಿ ಎರಡು ಕಡೆ ಪೂರ್ತಿ ವಿರುದ್ಧ ನಿಯಮಗಳಿಗೆ ದಾರಿ ಮಾಡಿದೆ.

ತತ್ವದಲ್ಲೂ ಹೀಗೇ. ವೇದದ ಋತ, ಅಂದ್ರೆ ಸತ್ಯ ಮತ್ತು ಜಗತ್ತಿನ ನಿಯಮ, ಅವರಲ್ಲಿ ಅಶ, ಅದರ ಎದುರು ದ್ರುಜ್, ಅಂದ್ರೆ ಸುಳ್ಳು, ನಮ್ಮ ದ್ರೋಹ ಶಬ್ದದ ಅಕ್ಕತಂಗಿ. ಆದ್ರೆ ಇಡೀ ಜಗತ್ತನ್ನೇ ಈ ಎರಡರ ನಡುವಿನ ಹೋರಾಟ ಅಂತ ನೋಡಿ, ಕಿವಿಯಾರೆ ಕೇಳಿ ಒಬ್ಬೊಬ್ಬರೂ ತಾವೇ ಆರಿಸಿಕೊಳ್ಳಬೇಕು ಅಂತ ಗಾಥಾದಲ್ಲಿ ಹೇಳಿದವನು ಜರತುಷ್ಟ್ರ. ಸತ್ತ ಮೇಲೆ ಚಿನ್ವತ್ ಸೇತುವೆ ಹತ್ರ ವಿಚಾರಣೆ, ಕಾಲದ ಕೊನೆಗೆ ಸತ್ತವರೆಲ್ಲ ಎದ್ದು ಬಂದು ಕೆಡುಕು ಶಾಶ್ವತವಾಗಿ ಸೋಲೋ ಫ್ರಶೋಕೆರೆತಿ, ಇವು ಆ ಪರಂಪರೆಯ ಸ್ವಂತ ಗಳಿಕೆ. ಅಂಥ ಒಂದು ಕೊನೆಯ ದಿನದ ಕಲ್ಪನೆ ಋಗ್ವೇದದಲ್ಲಿ ಇಲ್ಲ.