ಪೆಂಟೊಸ್ಟಾಟಿನ್ ಎಡಿಎಗೆ ಯಾಕೆ ಅಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತೆ?

ಅಡಿನೋಸಿನ್ ಡಿಅಮಿನೇಸ್, ಅಂದರೆ ಎಡಿಎ ಅನ್ನೋ ಕಿಣ್ವ, ಅಡಿನೋಸಿನ್‌ನಿಂದ ಅಮೈನೊ ಗುಂಪನ್ನು ಕಿತ್ತು ಇನೋಸಿನ್ ಮಾಡುತ್ತದೆ. ಅದರದೇ ಡಿಎನ್ಎ ರೂಪವಾದ ಡಿಆಕ್ಸಿಅಡಿನೋಸಿನ್‌ಗೂ ಹಾಗೇ ಮಾಡುತ್ತದೆ. ಪ್ಯೂರಿನ್ ಹಾದಿಯ (ಇಂಥ ಅಣುಗಳನ್ನು ದೇಹ ಕಟ್ಟಿ ಒಡೆಯುವ ದಾರಿಯ) ಉಳಿದ ಚಿತ್ರ ನಿಮ್ಮ ನೋಟ್ಸ್‌ನಲ್ಲಿ ಇದ್ದೇ ಇರುತ್ತೆ. ನೇರ ಇನ್‌ಹಿಬಿಟರ್‌ಗಳಿಗೆ, ಅಂದರೆ ಈ ಕಿಣ್ವವನ್ನು ತಡೆಯುವ ವಸ್ತುಗಳಿಗೆ, ಬರ್ತೀನಿ.

ನಾನು ಎರಡು ದಿನ ಸಿಕ್ಕಿಕೊಂಡಿದ್ದು ಒಂದೇ ಮಾತಿನಲ್ಲಿ: ಪೆಂಟೊಸ್ಟಾಟಿನ್ ಅನ್ನೋ ಔಷಧಿ ಒಂದು 'ಟ್ರಾನ್ಸಿಷನ್ ಸ್ಟೇಟ್ ಅನಲಾಗ್', ಅಂದರೆ ಕ್ರಿಯೆಯ ಅರ್ಧದಾರಿಯ ಆಕಾರದ ನಕಲು. ಅಡಿನೋಸಿನ್ ತರಹ ಇದ್ದರೆ ಅದರಷ್ಟೇ ಅಂಟಬೇಕು ಅಲ್ವಾ? ಇದು ಅದಕ್ಕಿಂತ ಸುಮಾರು ಒಂದು ಕೋಟಿ ಪಟ್ಟು ಬಿಗಿಯಾಗಿ ಅಂಟುತ್ತದೆ.

ವಿಷಯ ತಲೆಗೆ ಹೊಕ್ಕಿದ್ದು ತಿಪಟೂರಿನ ಹತ್ತಿರ ನಮ್ಮ ಮಾವನ ತೋಟದಲ್ಲಿ. ಮಾವ ನೆಲಕ್ಕೆ ನೆಟ್ಟ ಹಾರೆಗೆ ತೆಂಗಿನಕಾಯಿ ಕುಕ್ಕಿ ಸುಲಿಯುತ್ತಿದ್ದರು. ಇಡೀ ಕಾಯಿಯನ್ನು ಹಾರೆಯ ಮೇಲೆ ಸುಮ್ನೆ ಇಟ್ಟರೆ ಉರುಳಿ ಬೀಳುತ್ತೆ. ಸುಲಿದ ಕಾಯಿಯೂ ನಿಲ್ಲಲ್ಲ. ಮಟ್ಟೆ ಅರ್ಧ ಎದ್ದಾಗ ಮಾತ್ರ ಹಾರೆ ಅದನ್ನು ಗಟ್ಟಿಯಾಗಿ ಹಿಡಿದಿರುತ್ತೆ.

ಎಡಿಎಯಲ್ಲೂ ಹೀಗೇ. ಅದರೊಳಗೆ ಒಂದು ಸತುವಿನ ಅಯಾನ್ ಇದೆ. ಅದು ನೀರಿನ ಅಣುವನ್ನು ಚುರುಕು ಮಾಡುತ್ತದೆ. ಆ ನೀರಿನ ಓಎಚ್ ಅಡಿನೋಸಿನ್‌ನ 6ನೇ ಕಾರ್ಬನ್‌ಗೆ ಬಂದು ಕೂರುತ್ತದೆ. ಇಲ್ಲಿ ನಿಧಾನವಾಗಿ ನೋಡಿ. ಅಮೈನೊ ಗುಂಪು ಇನ್ನೂ ಹೋಗಿಲ್ಲ, ಓಎಚ್ ಆಗಲೇ ಬಂದಿದೆ. ಚಪ್ಪಟೆ ಇದ್ದ ಕಾರ್ಬನ್ ಈಗ ನಾಲ್ಕು ದಿಕ್ಕಿಗೆ ಕೈ ಚಾಚಿದೆ. ಇದೇ ಅರ್ಧ ಸುಲಿದ ಕಾಯಿ. ಕಿಣ್ವ ಜಾಸ್ತಿ ಬಿಗಿಯಾಗಿ ಹಿಡಿಯೋದು ಈ ಆಕಾರವನ್ನೇ, ಅಡಿನೋಸಿನ್ನನ್ನೂ ಅಲ್ಲ, ಇನೋಸಿನ್ನನ್ನೂ ಅಲ್ಲ. ಆಮೇಲೆ ಅಮೋನಿಯ ಹೊರಟು ಕೆಲಸ ಮುಗಿಯುತ್ತೆ.

ಪೆಂಟೊಸ್ಟಾಟಿನ್‌ನಲ್ಲಿ ಆ ಜಾಗದಲ್ಲಿ ಮೊದಲಿನಿಂದಲೇ ಓಎಚ್ ಇದೆ. ಆರರ ಉಂಗುರದ ಬದಲು ಏಳು ಪರಮಾಣುಗಳ ಉಂಗುರ. ಕಳಚಿಹೋಗಲು ಅಮೈನೊ ಗುಂಪೇ ಇಲ್ಲ. ಹಾಗಾಗಿ ಅದು ಹಾರೆಯಲ್ಲೇ ಸಿಕ್ಕಿ ಉಳಿದ ಕಾಯಿ. ಇದನ್ನು ಮೊದಲೇ ತಯಾರಿಸಿಟ್ಟಿದ್ದು ಸ್ಟ್ರೆಪ್ಟೊಮೈಸಿಸ್ ಆಂಟಿಬಯೋಟಿಕಸ್ ಅನ್ನೋ ಬ್ಯಾಕ್ಟೀರಿಯಾ. ನನಗಂತೂ ಇದು ತುಂಬ ಇಷ್ಟವಾಯಿತು.

ರೋಗನಿರೋಧಕ ಶಕ್ತಿಗೂ ಇದಕ್ಕೂ ಏನು ಸಂಬಂಧ? ಎಡಿಎ ನಿಂತರೆ ಲಿಂಫೊಸೈಟ್‌ಗಳಲ್ಲಿ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ) ಡಿಎಟಿಪಿ, ಅಂದರೆ ಡಿಆಕ್ಸಿಅಡಿನೋಸಿನ್‌ಗೆ ಮೂರು ಫಾಸ್ಫೇಟ್ ಸೇರಿದ ರೂಪ, ತುಂಬಿಕೊಳ್ಳುತ್ತದೆ. ಅದು ಡಿಎನ್ಎಯ ಬಿಡಿಭಾಗ ತಯಾರಿಸುವ ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸ್ ಅನ್ನೋ ಕಿಣ್ವವನ್ನು ತಡೆಯುತ್ತದೆ, ಡಿಎನ್ಎ ಕಟ್ಟುವ ಸಾಮಾನು ಸಿಗಲ್ಲ, ಕೋಶ ಸಾಯುತ್ತದೆ. ಎಡಿಎ ಇಲ್ಲದೆ ಹುಟ್ಟಿದ ಮಕ್ಕಳಿಗೆ ಸೋಂಕು ತಡೆಯುವ ಶಕ್ತಿಯೇ ಇರಲ್ಲ ಅನ್ನೋದು 1972ರಲ್ಲಿ ವರದಿಯಾಯಿತು. ಇದೇ ಹೊಡೆತವನ್ನು ಹೇರಿ ಸೆಲ್ ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರಿನ ಕೋಶಗಳಿಗೆ ಕೊಡಲು ಅಮೆರಿಕದಲ್ಲಿ 1991ರಲ್ಲಿ ಪೆಂಟೊಸ್ಟಾಟಿನ್‌ಗೆ ಒಪ್ಪಿಗೆ ಸಿಕ್ಕಿತು.

ಕ್ಲ್ಯಾಡ್ರಿಬಿನ್ ಕೂಡ ಅದೇ ಕಾಯಿಲೆಗೆ ಕೊಡುವ ಔಷಧಿ. ಅದಕ್ಕೇ ನಾನು ಅದನ್ನೂ ಇನ್‌ಹಿಬಿಟರ್ ಅಂತ ಬರೆದುಕೊಂಡಿದ್ದೆ. ತಪ್ಪು. ಅದರ 2ನೇ ಜಾಗದಲ್ಲಿ ಕ್ಲೋರಿನ್ ಇದೆ, ಅದಕ್ಕೆ ಎಡಿಎ ಅದನ್ನು ಸುಲಿಯಲಾರದು. ಪೆಂಟೊಸ್ಟಾಟಿನ್ ಕಿಣ್ವವನ್ನು ಕಟ್ಟಿಹಾಕುತ್ತೆ, ಕ್ಲ್ಯಾಡ್ರಿಬಿನ್ ಅದರ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತೆ.

ಕೊನೆಗೆ ಇಎಚ್ಎನ್ಎ ಅನ್ನೋ ಇನ್ನೊಂದು ಇನ್‌ಹಿಬಿಟರ್. ಪೆಂಟೊಸ್ಟಾಟಿನ್‌ನಷ್ಟು ಬಿಗಿ ಇಲ್ಲ. ಎಡಿಎಯಲ್ಲಿ ಎರಡು ಬಗೆ: ಇದು ಎಡಿಎ1ನ್ನು ತಡೆಯುತ್ತೆ, ಎಡಿಎ2ನ್ನು ಬಿಡುತ್ತೆ. ಟಿಬಿಯಲ್ಲಿ ಎದೆಯ ನೀರಿನಲ್ಲಿ (ಶ್ವಾಸಕೋಶದ ಸುತ್ತ ತುಂಬುವ ದ್ರವದಲ್ಲಿ) ಏರೋದು ಹೆಚ್ಚಾಗಿ ಎಡಿಎ2. ಒಟ್ಟು ಎಡಿಎ ಲೀಟರಿಗೆ 40 ಯೂನಿಟ್ (ಟಿಬಿ ಶಂಕಿಸುವ ಗಡಿ) ದಾಟಿದ ಸ್ಯಾಂಪಲ್‌ಗೆ ಇಎಚ್ಎನ್ಎ ಹಾಕಿದ ಮೇಲೂ ಚಟುವಟಿಕೆ ಉಳಿದರೆ, ಆ ಉಳಿದದ್ದು ಎಡಿಎ2ನದು.