'ಸಾವಯವ' ಲೇಬಲ್‌ಗಾಗಿ ನಡೆದ ಹೋರಾಟ: ಅಮೆರಿಕ, 1997ರಿಂದ 2005

ಯಾವ ಆಹಾರಕ್ಕೆ 'ಸಾವಯವ' ಲೇಬಲ್ ಸಿಗಬೇಕು ಎಂದು ಅಮೆರಿಕದಲ್ಲಿ ನಡೆದ ಹೋರಾಟವನ್ನು 'ಜನ ವಿರೋಧಿಸಿದರು, ಸರ್ಕಾರ ಮಣಿಯಿತು' ಎಂದು ಒಂದೇ ಸಾಲಿನಲ್ಲಿ ಮುಗಿಸುವಂತಿಲ್ಲ. ಎಲ್ಲಿ ಮಣಿಯಿತು, ಎಲ್ಲಿ ಮಣಿಯಲಿಲ್ಲ ಎನ್ನುವುದನ್ನು ನೋಡಬೇಕು.

ಮೊದಲು ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ, ಒಂದೊಂದು ಪ್ರಮಾಣೀಕರಣ ಸಂಸ್ಥೆಗೆ ಅದರದೇ ಸಾವಯವ ನಿಯಮ ಇರುತ್ತಿತ್ತು. ದೇಶಕ್ಕೆಲ್ಲ ಒಂದೇ ನಿಯಮ ಇರಲಿ ಎಂದು 1990ರಲ್ಲಿ ಕಾಯ್ದೆ ಬಂತು. ಕೃಷಿ ಇಲಾಖೆಗೆ ಸಲಹೆ ಕೊಡಲು 15 ಜನರ ಮಂಡಳಿಯೂ ಆಯಿತು. ರೈತರು, ಬಳಕೆದಾರರು, ಪರಿಸರದವರು ಎಲ್ಲರೂ ಅದರಲ್ಲಿದ್ದರು.

1997ರ ಡಿಸೆಂಬರ್‌ನಲ್ಲಿ ಇಲಾಖೆ ಬರೆದ ನಿಯಮದ ಕರಡು ಹೊರಬಿತ್ತು. ಸಿಟ್ಟು ಎದ್ದದ್ದು ಮುಖ್ಯವಾಗಿ ಮೂರು ವಿಷಯಕ್ಕೆ: ಕುಲಾಂತರಿ ಬೆಳೆ (ಜೀನ್ ಬದಲಿಸಿದ ಬೆಳೆ), ರೋಗಾಣು ಕೊಲ್ಲಲು ಆಹಾರಕ್ಕೆ ವಿಕಿರಣ ಹಾಯಿಸುವುದು, ಚರಂಡಿ ಕೊಳಚೆಯ ಕೆಸರನ್ನು ಗೊಬ್ಬರವಾಗಿ ಬಳಸುವುದು. ಇಲ್ಲೊಂದು ಸೂಕ್ಷ್ಮ ಇದೆ. ಕರಡು ಈ ಮೂರಕ್ಕೂ ನೇರವಾಗಿ ಒಪ್ಪಿಗೆ ಕೊಟ್ಟಿರಲಿಲ್ಲ. 'ಬೇಡ' ಎಂದೂ ಹೇಳದೆ, ಇವಕ್ಕೆ ಅವಕಾಶ ಕೊಡಬಹುದೇ ಎಂದು ಜನರ ಅಭಿಪ್ರಾಯ ಕೇಳಿತ್ತು. ಕುಲಾಂತರಿ ಬೇಡ ಎಂದು ಮಂಡಳಿಯೇ ಹೇಳಿದ ಮೇಲೂ ಹೀಗೆ ಕೇಳಿದ್ದು ಜನರಿಗೆ ಸರಿ ಕಾಣಲಿಲ್ಲ.

ಬಳಕೆದಾರರ ಭಯ ಸುಲಭವಾಗಿ ಅರ್ಥವಾಗುತ್ತದೆ. ಊರಿನ ಚರಂಡಿಗೆ ಕಾರ್ಖಾನೆ ನೀರೂ ಸೇರುತ್ತದೆ, ಹಾಗಾಗಿ ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷಲೋಹ ಇರಬಹುದು. ರೈತರ ಸಂಕಟ ಬೇರೆ. ನಿಷೇಧಿತ ಗೊಬ್ಬರ, ಔಷಧಿ ಮುಟ್ಟದೆ 3 ವರ್ಷ ಕಳೆದ ಮೇಲಷ್ಟೇ ಆ ಹೊಲದ ಬೆಳೆಗೆ ಸಾವಯವ ಲೇಬಲ್ ಸಿಗುತ್ತದೆ. ಅಷ್ಟು ವರ್ಷ ಖರ್ಚು ಜಾಸ್ತಿ, ಒಳ್ಳೆ ಬೆಲೆಯೂ ಇಲ್ಲ. ನಿಯಮ ಸಡಿಲವಾದರೆ ಕಡಿಮೆ ಖರ್ಚಿನಲ್ಲಿ ಬೆಳೆದವರೂ ಅದೇ ಲೇಬಲ್ ಅಂಟಿಸುತ್ತಾರೆ. ಕಷ್ಟಪಟ್ಟವನೇ ಸೋಲುತ್ತಾನೆ, ಅಲ್ವಾ? ನನ್ನ ಮಟ್ಟಿಗೆ ಇದೇ ಹೆಚ್ಚು ಗಟ್ಟಿ ವಾದ.

ಇಲಾಖೆಗೆ 2,75,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. 1998ರ ಮೇ ತಿಂಗಳಲ್ಲಿ ಕೃಷಿ ಕಾರ್ಯದರ್ಶಿ (ನಮ್ಮ ಕೃಷಿ ಮಂತ್ರಿ ಇದ್ದ ಹಾಗೆ) ಡ್ಯಾನ್ ಗ್ಲಿಕ್‌ಮನ್ ಮೂರನ್ನೂ ಕೈಬಿಡುವುದಾಗಿ ಹೇಳಿದರು. 2000ದ ಡಿಸೆಂಬರ್‌ನ ಅಂತಿಮ ನಿಯಮದಲ್ಲಿ ಮೂರಕ್ಕೂ ನಿಷೇಧ ಬಂತು. 2002ರ ಅಕ್ಟೋಬರ್‌ನಲ್ಲಿ ಅದು ಪೂರ್ತಿಯಾಗಿ ಜಾರಿಯಾಯಿತು.

ಆಮೇಲೆ ನಿಯಮ ಸಡಿಲಿಸುವ ಕೆಲಸ ಸಂಸತ್ತಿನಲ್ಲಿ ಶುರುವಾಯಿತು. 2003ರ ಫೆಬ್ರವರಿಯಲ್ಲಿ ದೊಡ್ಡದೊಂದು ಖರ್ಚಿನ ಮಸೂದೆಯೊಳಗೆ ಒಂದು ಸಣ್ಣ ಕಲಮು ಸದ್ದಿಲ್ಲದೆ ಸೇರಿತು. ಸಾವಯವ ಮೇವು ತುಂಬ ದುಬಾರಿಯಾದರೆ ಕೋಳಿ, ದನಗಳಿಗೆ ಮಾಮೂಲಿ ಮೇವು ಹಾಕಿಯೂ ಲೇಬಲ್ ಉಳಿಸಿಕೊಳ್ಳಬಹುದು ಎಂದು ಅದರ ಅರ್ಥ. ಜನರನ್ನು ಕೇಳಿದ್ದೇ ಇಲ್ಲ. ಆದರೂ ಗಲಾಟೆ ಎಷ್ಟಾಯಿತೆಂದರೆ ಏಪ್ರಿಲ್‌ನಲ್ಲೇ ಅದನ್ನು ರದ್ದು ಮಾಡಿದರು.

ಮೂರನೆಯ ಪ್ರಸಂಗದಲ್ಲಿ ಗೆಲುವು ಉಳಿಯಲಿಲ್ಲ. ಸಂಸ್ಕರಿಸಿದ ಸಾವಯವ ಆಹಾರದಲ್ಲಿ ಕೃತಕ ಪದಾರ್ಥ ಬಳಸುವುದು 1990ರ ಕಾಯ್ದೆಗೇ ವಿರುದ್ಧ ಎಂದು ಮೇನ್ ರಾಜ್ಯದ ಬ್ಲೂಬೆರಿ ಬೆಳೆಗಾರ ಆರ್ಥರ್ ಹಾರ್ವಿ ಮೊಕದ್ದಮೆ ಹೂಡಿದ್ದರು. 2005ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದ ಒಪ್ಪಿತು. ಆದರೆ ಸಾವಯವ ವ್ಯಾಪಾರಿಗಳ ಸಂಘವೇ ಕಾಯ್ದೆ ತಿದ್ದಲು ಸಂಸತ್ತಿನ ಬೆನ್ನು ಹತ್ತಿತು. ಅದೇ ವರ್ಷದ ಕೊನೆಯೊಳಗೆ ತಿದ್ದುಪಡಿಯಾಗಿ, ಮಂಡಳಿಯ ಸಲಹೆಯಂತೆ ಇಲಾಖೆ ಮಾಡಿದ ಪಟ್ಟಿಯಲ್ಲಿರುವ ಕೃತಕ ಪದಾರ್ಥಗಳಿಗೆ ಮತ್ತೆ ಅವಕಾಶ ಸಿಕ್ಕಿತು.