ಕ್ಲಾರಿನೆಟ್ ಕೊಳ್ಳುವ ಮುಂಚೆ ಕೊಳವೆಯ ಒಳಗೆ ನೋಡಿ

ಹೋದ ತಿಂಗಳು ಮಂಡ್ಯ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಮೈಸೂರಿನ ನನ್ನ ರಿಪೇರಿ ಅಂಗಡಿಗೆ ಬಂದಿದ್ದರು. ಹುಡುಗ ಎರಡು ವರ್ಷದಿಂದ ಕ್ಲಾರಿನೆಟ್ ಕಲಿಯುತ್ತಿದ್ದಾನೆ. ಕೈಯಲ್ಲಿ ಹಳೆಯ ಪ್ಲಾಸ್ಟಿಕ್ ವಾದ್ಯ. ಅಪ್ಪನ ಮೊಬೈಲಿನಲ್ಲಿ ಒಂದೇ ಕಂಪನಿಯ ಎರಡು ಮಾಡೆಲುಗಳ ಜಾಹೀರಾತು.

"ಮೇಷ್ಟ್ರೇ, ಇದ್ರಲ್ಲಿ ನಾದ ಗಾಢವಾಗಿ, ಬೆಚ್ಚಗೆ ಬತ್ತದೆ ಅಂತ ಬರ್ದವ್ರೆ. ಅದ್ರಲ್ಲಿ ಹೊಳಪಿನ ನಾದ ಅಂತೆ, ದೂರಕ್ಕೆ ಕೇಳಿಸ್ತದಂತೆ. ಯಾವ್ದ್ ತಗಳ್ಳಿ? ಒಂದ್ ಹಸ ಮಾರುದ್ರೆ ದೊಡ್ಡದೇ ಆಯ್ತದೆ."

ಹಸು ಮಾರುವ ಮಾತು ಕೇಳಿ ನನಗೆ ಸಂಕಟವಾಯಿತು. ಈ ಅಂಕಣ ಬರೆಯಲು ಕೂತಿದ್ದು ಅದಕ್ಕೇ.

ಜಾಹೀರಾತಿನ ಆ ಗಾಢ, ಬೆಚ್ಚನೆ ನಾದ ಮರದಿಂದಲೇ ಬರುತ್ತದೆ ಅಂತ ನಂಬುವವರಿದ್ದಾರೆ. ಮೈಸೂರಿನವರಿಗೆ ವೀಣೆ ಗೊತ್ತು. ವೀಣೆಯಲ್ಲಿ ತಂತಿ ಅದುರುತ್ತದೆ, ಅದರ ಜೊತೆ ಮರವೂ ಅದುರುತ್ತದೆ. ನಾದವನ್ನು ಹೊರಗೆ ಕೊಡುವುದು ಮರವೇ. ಹಾಗಾಗಿ ವೀಣೆ ಮಾಡುವವರು ಹಲಸಿನ ಮರ ಎಷ್ಟು ಬಲಿತಿದೆ ಅಂತ ತಟ್ಟಿ ನೋಡುವುದರಲ್ಲಿ ಅರ್ಥವಿದೆ. ಕ್ಲಾರಿನೆಟ್ ಹಾಗಲ್ಲ. ಇಲ್ಲಿ ಅದುರುವುದು ರೀಡು, ಅಂದರೆ ಬಾಯಿಗಿಟ್ಟು ಊದುವ ಮೌತ್‌ಪೀಸಿಗೆ ಕಟ್ಟಿದ ತೆಳು ಪಟ್ಟಿ, ಆಮೇಲೆ ಕೊಳವೆಯೊಳಗಿನ ಗಾಳಿ. ಮರ ಆ ಗಾಳಿಗೆ ಒಂದು ಗೋಡೆ, ಅಷ್ಟೇ. ಗೋಡೆ ನುಣುಪಾಗಿರಬೇಕು, ಅಳತೆ ಸರಿಯಿರಬೇಕು, ಎಲ್ಲೂ ಗಾಳಿ ಸೋರಬಾರದು. ಅಷ್ಟಿದ್ದರೆ ಅದು ಮರವೋ ಪ್ಲಾಸ್ಟಿಕ್ಕೋ ಅನ್ನುವುದು ಕಿವಿಗೆ ಹೆಚ್ಚು ಕಡಿಮೆ ಗೊತ್ತಾಗುವುದೇ ಇಲ್ಲ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಅಮೆರಿಕದ ಜಾನ್ ಕೋಲ್ಟ್‌ಮನ್ ಎಂಬ ಭೌತವಿಜ್ಞಾನಿ 1971ರಲ್ಲಿ ಕೊಳಲಿನ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಒಳ ಅಳತೆ ಒಂದೇ ಇರುವ ಮೂರು ಕೊಳಲು ಮಾಡಿಸಿದರು. ಒಂದು ತೆಳು ಬೆಳ್ಳಿಯದು, ಒಂದು ದಪ್ಪ ತಾಮ್ರದ್ದು, ಒಂದು ಮರದ್ದು. ಕಣ್ಣಿಗೆ ಕಾಣದಂತೆ ನುಡಿಸಿದಾಗ ಕೇಳಿದವರಿಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ನುಡಿಸಿದವರಿಗೂ ಆಗಲಿಲ್ಲ. ಆ ದಿನ ನಾನು ಅಪ್ಪ ಮಗನಿಗೆ ಇಂಥದ್ದೇ ಒಂದು ಪರೀಕ್ಷೆ ಮಾಡಿ ತೋರಿಸಿದೆ. ಬೀರುವಿನ ಹಿಂದೆ ನಿಂತು ಒಂದು ಮರದ ವಾದ್ಯ, ಒಂದು ಒಳ್ಳೆಯ ಪ್ಲಾಸ್ಟಿಕ್ ವಾದ್ಯ, ಎರಡನ್ನೂ ಒಂದೇ ಮೌತ್‌ಪೀಸ್ ಹಾಕಿ ನುಡಿಸಿದೆ. ಅಪ್ಪ "ಎರಡನೇದು ಮರದ್ದು" ಅಂದರು. ಅದು ಪ್ಲಾಸ್ಟಿಕ್.

ಹಾಗಂತ ಮರ ಬೇಡ ಅನ್ನುತ್ತಿಲ್ಲ. ಒಳ್ಳೆಯ ಕ್ಲಾರಿನೆಟ್ಟುಗಳನ್ನು ಆಫ್ರಿಕಾದ ಗ್ರೆನಡಿಲ್ಲಾ ಮರದಲ್ಲಿ ಮಾಡುತ್ತಾರೆ. ಅದು ನಮ್ಮ ಬೀಟೆ ಮರದ ಬಳಗದ್ದೇ. ತುಂಬ ಗಟ್ಟಿ, ಎಣ್ಣೆಯಂಶ ಜಾಸ್ತಿ, ಕಡೆದರೆ ಅಂಚು ಚೂಪಾಗಿ ನಿಲ್ಲುತ್ತದೆ. ಕುಶಲಕರ್ಮಿ ಕೈಯಿಂದ ತೂತುಗಳನ್ನು ತಿದ್ದಲು ಅನುಕೂಲ. ದುಬಾರಿ ವಾದ್ಯ ಚೆನ್ನಾಗಿ ನುಡಿದರೆ ಅದಕ್ಕೆ ಕಾರಣ ಈ ತಿದ್ದುವ ಕೆಲಸ. ಮರದ ಕಷ್ಟವೂ ಇದೆ. ಒಳಗೆ ಉಸಿರಿನ ಬಿಸಿ, ತೇವ. ಹೊರಗೆ ಫೆಬ್ರವರಿ, ಮಾರ್ಚಿನ ಒಣ ಗಾಳಿ. ಒಳಭಾಗ ಉಬ್ಬುತ್ತದೆ, ಹೊರಭಾಗ ಉಬ್ಬುವುದಿಲ್ಲ. ಮೇಲಿನ ಜಾಯಿಂಟು, ಅಂದರೆ ಕೊಳವೆಯ ಮೇಲಿನ ತುಂಡು, ಸೀಳುತ್ತದೆ. ಮೆರವಣಿಗೆಯಲ್ಲಿ ಬಿಸಿಲಿನಲ್ಲಿ ನಡೆದು ನುಡಿಸುವ ಬ್ಯಾಂಡಿನವರಿಗೆ ನಾನು ಪ್ಲಾಸ್ಟಿಕ್ಕನ್ನೇ ಹೇಳುತ್ತೇನೆ.

ಜಾಹೀರಾತಿನಲ್ಲಿ ಇನ್ನೂ ಕೆಲವು ಪದಗಳಿರುತ್ತವೆ. ಅವುಗಳಿಂದ ಜನ ನಿಜವಾಗಿ ಮೋಸ ಹೋಗುತ್ತಾರೆ. ಕೀ ಅಂದರೆ ತೂತನ್ನು ಮುಚ್ಚಿ ತೆರೆಯುವ ಲೋಹದ ಪಟ್ಟಿ. "ನಿಕಲ್ ಸಿಲ್ವರ್ ಕೀ" ಅಂದರೆ ಬೆಳ್ಳಿ ಅಲ್ಲ. ಅದು ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ, ಅದರಲ್ಲಿ ಬೆಳ್ಳಿ ಇರುವುದೇ ಇಲ್ಲ. "ಎಬೊನೈಟ್" ಅಂದರೆ ಎಬೊನಿ ಮರ ಅಲ್ಲ, ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರು. "17 ಕೀ, 6 ರಿಂಗ್" ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ರಿಂಗ್ ಅಂದರೆ ಬೆರಳು ಕೂರುವ ತೂತಿನ ಸುತ್ತಲಿನ ಬಳೆ. ಅದು ಬೋಮ್ ಎಂಬ ಕೀ ಜೋಡಣೆ ಪದ್ಧತಿಯ ಮಾಮೂಲಿ ಲೆಕ್ಕ. ಫ್ರಾನ್ಸಿನ ವಾದಕ ಕ್ಲೋಸೆ ಮತ್ತು ವಾದ್ಯ ತಯಾರಕ ಬುಫೆ ಸೇರಿ 1839ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಇಟ್ಟ ಪದ್ಧತಿ ಅದು. ಇವತ್ತು ಅಗ್ಗದ ವಾದ್ಯದಲ್ಲೂ ಅಷ್ಟೇ ಕೀ ಇರುತ್ತವೆ.

ಬೆಲ್‌ಗೆ, ಅಂದರೆ ಕೊಳವೆಯ ತುದಿಯ ಅಗಲ ಬಾಯಿಗೆ, ಚಿನ್ನದ ಲೇಪ ಕೊಟ್ಟರೆ ನಾದ ತುಂಬಿಕೊಳ್ಳುತ್ತದೆ ಅನ್ನುವ ಮಾತೂ ಇದೆ. ಕ್ಲಾರಿನೆಟ್ಟಿನ ನಾದ ಹೆಚ್ಚಾಗಿ ಹೊರಬರುವುದು ತೆರೆದ ತೂತುಗಳಿಂದ. ಎಲ್ಲ ತೂತು ಮುಚ್ಚಿ ನುಡಿಸುವ ಸ್ವರಗಳಿಗೆ, ಅದರ ಪಕ್ಕದ ಒಂದೆರಡಕ್ಕೆ ಮಾತ್ರ ಬೆಲ್ ನಿಜವಾಗಿ ಕೆಲಸ ಮಾಡುತ್ತದೆ. ಉಳಿದ ಹೊತ್ತು ಅದು ಸುಮ್ನೆ ಇರುತ್ತದೆ.

ಹಾಗಾದರೆ ಮಾಡೆಲುಗಳಲ್ಲಿ ವ್ಯತ್ಯಾಸವೇ ಇಲ್ಲವಾ? ಇದೆ. ಅದು ಇರುವುದು ಕೊಳವೆಯ ಒಳಗಿನ ಅಳತೆಯಲ್ಲಿ, ಜಾಹೀರಾತಿನ ಫೋಟೋದಲ್ಲಿ ಕಾಣುವುದಿಲ್ಲ.

ಕೊಳಲಲ್ಲಿ ಸ್ವಲ್ಪ ಜೋರಾಗಿ ಊದಿದರೆ ಅದೇ ಬೆರಳಿಗೆ ಮೇಲಿನ ಷಡ್ಜ ಬರುತ್ತದೆ. ಕ್ಲಾರಿನೆಟ್ಟಿನಲ್ಲಿ ಮೇಲಿನ ಸ್ವರಗಳಿಗೆ ಏರಿಸುವ ರಿಜಿಸ್ಟರ್ ಕೀ ಒತ್ತಿದರೆ ಮೇಲಿನ ಷಡ್ಜವಲ್ಲ, ಅದನ್ನೂ ದಾಟಿ ಮೇಲಿನ ಪಂಚಮ ಬರುತ್ತದೆ. ಕೆಳಗಿನ ಪ್ರತಿ ಸ್ವರಕ್ಕೂ ಈ ಪಂಚಮ ಶ್ರುತಿಯಲ್ಲಿ ಕೂರಬೇಕು. ಒಂದೇ ಅಗಲದ ನೇರ ಕೊಳವೆಯಲ್ಲಿ ಅದು ಕೂರುವುದಿಲ್ಲ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಇಳಿಯುತ್ತದೆ. ಬುಫೆ ಕ್ರಾಂಪೋನ್ ಕಂಪನಿಯ ರೋಬೆರ್ ಕಾರೆ 1955ರ ಹೊತ್ತಿಗೆ ಇದಕ್ಕೊಂದು ದಾರಿ ಹುಡುಕಿದರು. ಕೊಳವೆಯ ಮೇಲ್ಭಾಗವನ್ನು ಬೇರೆ ಬೇರೆ ಅಗಲದ ಮೆಟ್ಟಿಲುಗಳಾಗಿ ಕೊರೆದರು. ಆರ್13 ಎಂಬ ಆ ಮಾಡೆಲ್ ಇವತ್ತಿಗೂ ನಡೆಯುತ್ತಿದೆ. ಅದರ ಒಳ ಅಗಲ 14.6 ಮಿ.ಮೀ. ಆಸುಪಾಸು. ಇಂಗ್ಲೆಂಡಿನ ಬೂಸಿ ಆಂಡ್ ಹಾಕ್ಸ್ 1010 ಮಾಡೆಲಿಗೆ ಸುಮಾರು 15.2. ಅರ್ಧ ಮಿಲಿಮೀಟರ್ ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಒಂದರ ಮೌತ್‌ಪೀಸ್ ಇನ್ನೊಂದಕ್ಕೆ ಹಾಕಿ ನೋಡಿ, ಶ್ರುತಿ ಎಲ್ಲೆಲ್ಲೋ ಹೋಗುತ್ತದೆ.

ಇನ್ನೊಂದು ನಿಜವಾದ ವ್ಯತ್ಯಾಸ ತೂತಿನದು. ಒಳ್ಳೆಯ ವಾದ್ಯದಲ್ಲಿ ತೂತಿನ ಒಳ ಅಂಚನ್ನು ಕೆರೆದು ಅಗಲ ಮಾಡಿರುತ್ತಾರೆ. ಸ್ವರ ಸಲೀಸಾಗಿ ಹೊರಡುತ್ತದೆ, ಶ್ರುತಿಯೂ ಸರಿಯಾಗುತ್ತದೆ. ಕೀಗಳದ್ದೂ ಇದೆ. ಒತ್ತಿ ಬಡಿದು ಮಾಡಿದ ಕೀ ಬಾಗಿದರೆ ನಾನು ನೆಟ್ಟಗೆ ಮಾಡಿಕೊಡುತ್ತೇನೆ. ಅಗ್ಗದ ಲೋಹ ಎರಕ ಹೊಯ್ದ ಕೀ ಪಟ್ ಅಂತ ಮುರಿಯುತ್ತದೆ, ಬೆಸುಗೆಯೂ ಹಿಡಿಯುವುದಿಲ್ಲ. ಅಂಥ ವಾದ್ಯಗಳನ್ನು ಕೈಯಲ್ಲಿ ಹಿಡಿದು ಬಂದ ಎಷ್ಟೋ ಮಕ್ಕಳನ್ನು ಹಾಗೇ ವಾಪಸ್ ಕಳಿಸಿದ್ದೇನೆ. ಆ ದಿನ ರಾತ್ರಿ ನನಗೆ ಊಟ ಸೇರುವುದಿಲ್ಲ. ಹಣ ಸ್ವಲ್ಪ ಜಾಸ್ತಿ ಹಾಕುವುದಿದ್ದರೆ ಕೀಗಳಿಗೆ ಹಾಕಿ ಅಂತ ಕೈಮುಗಿದು ಕೇಳುತ್ತೇನೆ.

ಆದರೆ ಮಾಡೆಲ್ ಬದಲಿಸುವ ಮುಂಚೆ ಮೌತ್‌ಪೀಸ್ ಮತ್ತು ರೀಡು. ನಾದದ ಬಣ್ಣ ಬದಲಾಗುವುದು ಬಹುಪಾಲು ಅಲ್ಲೇ. ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಅವರ ಹಿಂದೂಸ್ತಾನಿ ನುಡಿಸಾಣಿಕೆ ಕೇಳಿ, ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಅವರ ಕರ್ನಾಟಕ ಸಂಗೀತ ಕೇಳಿ. ಒಂದೇ ಜಾತಿಯ ವಾದ್ಯ ಎಷ್ಟು ಬೇರೆಯಾಗಿ ಹಾಡುತ್ತದೆ ಅಲ್ವಾ? ಅದು ತುಟಿ, ಉಸಿರು, ಬೆರಳಿನ ಕೆಲಸ.

ಆ ಹುಡುಗನ ಹಳೆಯ ವಾದ್ಯವನ್ನು ಮೇಜಿನ ಮೇಲೆ ಬಿಚ್ಚಿದೆ. ಮೇಲಿನ ಜಾಯಿಂಟಿನ ತೂತುಗಳನ್ನು ಬೆರಳಿನಿಂದ ಮುಚ್ಚಿ, ಕೆಳಗಿನ ತುದಿಗೆ ಅಂಗೈ ಒತ್ತಿ, ಗಾಳಿ ಎಳೆದೆ. ಗಾಳಿ ಸೋರದಿದ್ದರೆ ಎಳೆದ ಬಿಗಿ ಹಾಗೇ ನಿಲ್ಲಬೇಕು. ಇಲ್ಲಿ ಕೂಡಲೇ ಹೋಯಿತು. ಕೆಳಗಿನ ಜಾಯಿಂಟಿನಲ್ಲೂ ಅದೇ ಕಥೆ. ತೂತು ಮುಚ್ಚುವ ಮೂರು ಪ್ಯಾಡು, ಒಂದು ಕಾರ್ಕು ಬದಲಾಯಿಸಿದೆ. ಹುಡುಗ ಊದಿದ. ಎರಡು ವರ್ಷದಿಂದ ಬರದೇ ಇದ್ದ ತಳದ ಸ್ವರ ಮೆಲ್ಲಗೆ ಊದಿದರೂ ಬಂತು. ಅವನು ಅದೊಂದನ್ನೇ ಏಳೆಂಟು ಸಲ ನುಡಿಸಿದ. ಅಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

ಇನ್ನೆರಡು ವರ್ಷಕ್ಕೆ ಅವನಿಗೆ ಬೇರೆ ವಾದ್ಯ ಬೇಕಾಗಬಹುದು. ಆಗ ಅಂಗಡಿಗೆ ನಾನೂ ಬರುತ್ತೇನೆ ಅಂತ ಹೇಳಿದ್ದೇನೆ. ಹುಡುಗನದೇ ಮೌತ್‌ಪೀಸ್, ಅವನದೇ ರೀಡು, ಒಂದು ಟ್ಯೂನರ್, ಇಷ್ಟು ಹಿಡಿದುಕೊಂಡು.